ಮಳೆ ಪುಸ್ತಕದಲ್ಲಿ ನನ್ನ ಹುಟ್ಟುಹಬ್ಬ

ಬೆಳಗ್ಗೆ ಪೇಪರ್ ಬಂದ ಕೂಡಲೇ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹಾಳೆಗೆ ಕೈಹಾಕುತ್ತಾರೆ. ಯಜಮಾನರಿಗೆ ಕರಿಮೆಣಸಿನ ಧಾರಣೆ ಬೇಕು, ಸೊಸೆಗೆ ಪದಬಂಧ ಬೇಕು. ನನಗೆ ಬೇಕಾದದ್ದು ಒಳಪುಟದ ಮೂಲೆಯಲ್ಲಿ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಅಚ್ಚಾಗುವ ‘ಇತಿಹಾಸದಲ್ಲಿ ಈ ದಿನ’. ಯಾವ ಯುದ್ಧ ಯಾವತ್ತು ಮುಗಿಯಿತು, ಯಾವ ಸೇತುವೆ ಯಾವತ್ತು ತೆರೆಯಿತು, ಯಾರು ಹುಟ್ಟಿದರು ಎಂದು ತಿಳಿದುಕೊಂಡು ಈ ವಯಸ್ಸಿನಲ್ಲಿ ನನಗೆ ಆಗಬೇಕಾದ್ದು ಏನೂ ಇಲ್ಲ. ಆದರೂ ಓದುತ್ತೇನೆ. ‘ಇವತ್ತು ಹುಟ್ಟಿದವರು’ ಎಂಬಲ್ಲಿ ಬಂದಾಗ ಕನ್ನಡಕ ಸರಿಮಾಡಿಕೊಳ್ಳುತ್ತೇನೆ. ನನ್ನ ಹೆಸರು ಇದುವರೆಗೆ ಬಂದಿಲ್ಲ. ಸಂಪಾದಕರಿಗೆ ವಿಷಯ ತಿಳಿದಿರಲಾರದು.

ಆಗಸ್ಟ್ ಹದಿನೈದರ ಪಟ್ಟಿ ಯಾವಾಗಲೂ ಭರ್ಜರಿ. ನಮ್ಮ ಸ್ವಾತಂತ್ರ್ಯ ಇದೆ. ಒಬ್ಬ ಚಕ್ರವರ್ತಿ ಹುಟ್ಟಿದ್ದಾನೆ, ಒಬ್ಬ ಯೋಗಿ ಹುಟ್ಟಿದ್ದಾರೆ, ಎರಡು ಸಮುದ್ರಗಳನ್ನು ಕೂಡಿಸುವ ದೊಡ್ಡ ಕಾಲುವೆ ತೆರೆದಿದ್ದಾರೆ. ನೀವು ನಂಬಿ, ಬಿಡಿ, ಒಂಬತ್ತು ವರ್ಷ ತುಂಬುವವರೆಗೆ ನಾನೂ ಇದೇ ಪಟ್ಟಿಗೆ ಸೇರಿದವಳಾಗಿದ್ದೆ. ಆಮೇಲೆ ನನ್ನನ್ನು ತೆಗೆದುಹಾಕಲಾಯಿತು. ತೆಗೆದುಹಾಕಿದವರು ಬೇರೆ ಯಾರೂ ಅಲ್ಲ, ನನ್ನ ಅಪ್ಪ.

ಅಪ್ಪ ನೆಲ್ಯಹುದಿಕೇರಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಎಂದರೆ ಕಥೆ ಬರೆಯುವವರು ಎಂದುಕೊಳ್ಳಬೇಡಿ. ಬೆಳಗ್ಗೆ ಮಸ್ಟರ್ ಗಂಟೆ ಹೊಡೆದಾಗ ಆಳುಗಳ ಹಾಜರಿ ಬರೆಯುವುದು, ಯಾರು ಯಾವ ಕೆಲಸಕ್ಕೆ ಎಂದು ಬರೆಯುವುದು, ಗೊಬ್ಬರ ಎಷ್ಟು ಬಂತು ಎಂದು ಬರೆಯುವುದು ಅವರ ಕೆಲಸ. ನಮ್ಮವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕದಲ್ಲಿ ಬೇಸಾಯಕ್ಕೆ ನಿಂತವರು. ಅಪ್ಪ ಒಬ್ಬರೇ ನೇಗಿಲು ಬಿಟ್ಟು ಪೆನ್ನು ಹಿಡಿದು ಹೊಳೆಯ ಈ ಬದಿಗೆ ಬಂದುಬಿಟ್ಟರು. ಹಿಡಿದ ಮೇಲೆ ಬಿಡಲಿಲ್ಲ. ಮನೆಯಲ್ಲಿ ಉಪ್ಪು ಮುಗಿದರೂ ಅದನ್ನು ಬರೆದಿಟ್ಟು ಆಮೇಲೆ ತರಲು ಹೋಗುತ್ತಿದ್ದರು.

ಇಷ್ಟೆಲ್ಲ ಬರವಣಿಗೆಯಲ್ಲಿ ಅವರಿಗೆ ಪ್ರಾಣಪ್ರಿಯವಾದದ್ದು ಮಳೆಯ ಲೆಕ್ಕ. ಕೊಡಗಿನ ತೋಟದವರಿಗೆ ಮಳೆ ಎಂದರೆ ಇಂಚು ಮತ್ತು ಸೆಂಟು, ಅಂದರೆ ಇಂಚಿನ ನೂರರಲ್ಲೊಂದು ಪಾಲು. ಇಬ್ಬರು ತೋಟದವರು ದಾರಿಯಲ್ಲಿ ಸಿಕ್ಕಿದರೆ ಹೆಂಡತಿ ಮಕ್ಕಳ ಆರೋಗ್ಯ ಕೇಳುವ ಮೊದಲು ‘ನಿಮ್ಮಲ್ಲಿ ಎಷ್ಟು ಸೆಂಟು’ ಎಂದು ಕೇಳುತ್ತಾರೆ. ನಮ್ಮ ಎಸ್ಟೇಟಿನ ಆಫೀಸಿನ ಎದುರು ಒಂದು ಕಟ್ಟೆಯ ಮೇಲೆ ತಾಮ್ರದ ಮಳೆಮಾಪಕ ಇತ್ತು. ಅಪ್ಪ ದಿನಾ ಬೆಳಗ್ಗೆ ಎಂಟು ಗಂಟೆಗೆ ಸರಿಯಾಗಿ ಅದರ ಮುಚ್ಚಳ ತೆಗೆದು, ಒಳಗಿನ ಸೀಸೆಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ, ಮಂಡಿಯೂರಿ ಕೂತು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಕೊಡೆಯಿಂದ ಒಂದು ಹನಿ ಅದರೊಳಗೆ ಬೀಳಬಾರದು ಎಂದು ಕೊಡೆ ಮಡಚಿಟ್ಟು ತಾವೇ ನೆನೆಯುತ್ತಿದ್ದರು. ನೆಗಡಿ ಅವರಿಗೆ ಜೂನಿನಲ್ಲಿ ಬಂದರೆ ಅಕ್ಟೋಬರಿನಲ್ಲಿ ಹೋಗುತ್ತಿತ್ತು.

ಆಫೀಸಿನ ರಿಜಿಸ್ಟರು ಬೇರೆ. ಅದರ ಜೊತೆಗೆ ಅಪ್ಪ ತಮ್ಮದೇ ಒಂದು ದಪ್ಪ ಪುಸ್ತಕ ಇಟ್ಟಿದ್ದರು. ಅದರ ಕ್ರಮ ವಿಚಿತ್ರ. ಒಂದು ತಾರೀಖಿಗೆ ಒಂದೇ ಪುಟ. ಆ ಪುಟದಲ್ಲಿ ವರ್ಷಕ್ಕೊಂದು ಸಾಲು, ಒಂದರ ಕೆಳಗೆ ಒಂದು. ಹೀಗಾಗಿ ಆಗಸ್ಟ್ ಹದಿನೈದರ ಪುಟ ತೆಗೆದರೆ ಎಷ್ಟೋ ವರ್ಷಗಳ ಆಗಸ್ಟ್ ಹದಿನೈದು ಒಟ್ಟಿಗೆ ಕಾಣುತ್ತಿತ್ತು. ಸಾಲಿನ ಕೊನೆಯಲ್ಲಿ ‘ವಿಶೇಷ’ ಎಂಬ ಕಲಮು. ಅಲ್ಲಿ ಅಪ್ಪ ಬರೆದದ್ದಕ್ಕೆ ಲಂಗುಲಗಾಮು ಇರಲಿಲ್ಲ. ‘ಆನೆ ಬಂದು ಬಾಳೆ ತಿಂದಿತು.’ ‘ಸ್ಟೋರಿನ ಹೆಂಚು ಹಾರಿತು.’ ‘ತೋಟದ ದೊರೆಗೆ ಹಲ್ಲುನೋವು, ಎಲ್ಲರಿಗೂ ಬೈಗುಳ.’ ರಾತ್ರಿ ಊಟಕ್ಕೆ ಕೂತಾಗ ನಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದರು, “ಇವತ್ತೇನು ವಿಶೇಷ?” ಅವ್ವ “ವಿಶೇಷ ಏನು ಬಂತು, ಸೌದೆ ಹಸಿ” ಎನ್ನುತ್ತಿದ್ದಳು. ಮಾರನೆಯ ದಿನ ನೋಡಿದರೆ ‘ಸೌದೆ ಹಸಿ’ ಎಂದು ಇತಿಹಾಸದಲ್ಲಿ ದಾಖಲಾಗಿರುತ್ತಿತ್ತು.

ಆಗ ನಮ್ಮ ಕೊಡಗೇ ಒಂದು ರಾಜ್ಯ. ಈಗಿನ ಮಕ್ಕಳಿಗೆ ಹೇಳಿದರೆ ಅಜ್ಜಿ ಕಥೆ ಕಟ್ಟುತ್ತಿದ್ದಾಳೆ ಎಂದು ನಗುತ್ತವೆ. ಏಳು ವರ್ಷ ತುಂಬುವ ಮೊದಲೇ ಮುಗಿದುಹೋದ ರಾಜ್ಯ ಅದು. ಆದರೆ ಇದ್ದಷ್ಟು ದಿನ ನಮ್ಮ ಹೆಡ್‌ಮಾಸ್ಟರಿಗೆ ಅದರ ಹೆಮ್ಮೆ ಹೇಳತೀರದು. ಗಣರಾಜ್ಯದ ದಿನವೂ ನಮ್ಮ ರಾಜ್ಯ ಹುಟ್ಟಿದ ದಿನವೂ ಒಂದೇ ಎಂದು ಪ್ರತಿ ಜನವರಿಯಲ್ಲಿ ಒಂದು ಗಂಟೆ ಭಾಷಣ ಮಾಡುತ್ತಿದ್ದರು. ಒಂದೇ ತಾರೀಖಿನಲ್ಲಿ ಎರಡು ಸಂಗತಿ ಕೂಡಿಬಂದರೆ ಅದರಲ್ಲಿ ಏನೋ ದೈವಸಂಕೇತ ಇದೆ ಎಂಬುದು ಅವರ ಗಟ್ಟಿ ನಂಬಿಕೆ. ದಿನಾ ಬೆಳಗ್ಗೆ ಬೋರ್ಡಿನ ಮೂಲೆಯಲ್ಲಿ ‘ಈ ದಿನ’ ಎಂದು ಬರೆದು ಕೆಳಗೆ ಎರಡು ಸಂಗತಿ ಬರೆಯುತ್ತಿದ್ದರು. ಎರಡನೆಯದು ಸಿಗದಿದ್ದರೆ ಸಪ್ಪಗಿರುತ್ತಿದ್ದರು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಸ್ವಾತಂತ್ರ್ಯದ ದಿನಕ್ಕೆ ಮಡಿಕೇರಿಯಿಂದ ಅಧಿಕಾರಿಯೊಬ್ಬರು ಬರುತ್ತಾರೆ ಎಂದು ಗೊತ್ತಾಯಿತು. ಹೆಡ್‌ಮಾಸ್ಟರಿಗೆ ಕೂಡಲೇ ಯೋಚನೆ ಹೊಳೆಯಿತು.

“ಆಗಸ್ಟ್ ಹದಿನೈದನೇ ತಾರೀಖು ಹುಟ್ಟಿದ ಮಗು ನಮ್ಮ ಶಾಲೆಯಲ್ಲಿ ಇದ್ದರೆ, ಬಾವುಟದ ಹಗ್ಗವನ್ನು ಆ ಮಗುವೇ ಸಾಹೇಬರ ಕೈಗೆ ಕೊಡುವುದು. ಆದರೆ ಆಧಾರ ಬೇಕು, ಆಧಾರ. ಶಾಲೆಯ ರಿಜಿಸ್ಟರ್ ನಡೆಯುವುದಿಲ್ಲ. ಅದನ್ನು ಬರೆದವನು ನಾನೇ.”

ಅದು ನಿಜ. ಆ ರಿಜಿಸ್ಟರಿನ ಪ್ರಕಾರ ಅರ್ಧ ಶಾಲೆ ಜೂನ್ ತಿಂಗಳ ಒಂದೇ ದಿನ ಹುಟ್ಟಿತ್ತು.

ನಾನು ಹುಟ್ಟಿದ ದಿನ ಮಳೆ ಪುಸ್ತಕದಲ್ಲಿ ಇದೆ ಎಂದು ಅಪ್ಪ ಎಷ್ಟೋ ಸಲ ತೋರಿಸಿದ್ದರು. ಅವ್ವ ನಕ್ಷತ್ರ, ಮಾಸ ಎನ್ನುತ್ತಿದ್ದಳೇ ಹೊರತು ಇಂಗ್ಲಿಷ್ ತಾರೀಖು ಅವಳಿಗೆ ತಿಳಿಯದು. ಅಪ್ಪನಿಗೋ ತಮ್ಮ ನೆನಪಿಗಿಂತ ತಮ್ಮ ಅಕ್ಷರದ ಮೇಲೆ ನಂಬಿಕೆ. ಮಾರನೆಯ ದಿನ ಪುಸ್ತಕವನ್ನು ರಬ್ಬರ್ ಶೀಟಿನಲ್ಲಿ ಸುತ್ತಿ, ಮಳೆಗೆ ಹೊದೆಯುವ ಗೊರಬೆಯೊಳಗೆ ಎದೆಗೆ ಒತ್ತಿ ಹಿಡಿದು, ಶಾಲೆಗೆ ಒಯ್ದೆ. ಜೊತೆಯಲ್ಲಿ ಪಾರು ಇದ್ದಳು. ನಾಲ್ಕನೇ ಲೈನಿನ ಕಲ್ಯಾಣಿಯಮ್ಮನ ಮೊಮ್ಮಗಳು. ಲೈನು ಎಂದರೆ ಎಸ್ಟೇಟಿನ ಆಳುಗಳ ಸಾಲುಮನೆ. ನಾವಿಬ್ಬರೂ ಒಂದೇ ಬೆಂಚು, ಒಂದೇ ಬಳಪ, ಜಗಳವೂ ಒಂದೇ. ಅವಳು ಎಂದು ಹುಟ್ಟಿದಳು ಎಂದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕು ಎಂದು ಅನ್ನಿಸಿಯೂ ಇರಲಿಲ್ಲ.

ಈಗ ಒಂದು ವಿಷಯ ಹೇಳಬೇಕು. ಇದನ್ನು ನಾನು ಈ ವರ್ಷದವರೆಗೆ ಯಾರ ಹತ್ತಿರವೂ ಹೇಳಿದವಳಲ್ಲ. ಶಾಲೆಯ ಜಗಲಿಯಲ್ಲಿ ಪುಟ ಸರಿಯಾಗಿದೆಯೇ ಎಂದು ಒಂದು ಸಲ ತೆರೆದು ನೋಡಿದೆ. ನಾನು ಹುಟ್ಟಿದ ವರ್ಷದ ಸಾಲಿನಲ್ಲಿ, ವಿಶೇಷದ ಕಲಮಿನಲ್ಲಿ ಎರಡು ಮಾತಿದ್ದವು. ‘ಮನೆಯಲ್ಲಿ ಹೆಣ್ಣು ಮಗು’ ಎಂಬುದು ಒಂದು. ಅದರ ಮುಂದೆ ಸಣ್ಣದಾಗಿ, ‘ಕಲ್ಯಾಣಿಯ ಮಗಳಿಗೂ ಹೆಣ್ಣು.’ ಅಪ್ಪ ತೋರಿಸುವಾಗ ನನ್ನ ಕಣ್ಣಿಗೆ ಮೊದಲನೆಯದು ಬಿಟ್ಟು ಬೇರೆ ಬಿದ್ದಿರಲಿಲ್ಲ. ಒಂದೇ ದಿನ ಹುಟ್ಟಿದವರು ಇಬ್ಬರಿದ್ದೆವು, ಹಗ್ಗ ಒಂದೇ ಇತ್ತು. ಹೆಡ್‌ಮಾಸ್ಟರ ಮೇಜಿನ ಮೇಲೆ ಪುಸ್ತಕ ಬಿಡಿಸಿ ಹಿಡಿದಾಗ ನನ್ನ ಹೆಬ್ಬೆರಳು ಆ ಎರಡನೆಯ ಮಾತಿನ ಮೇಲೆ ಕೂತಿತ್ತು. ಪುಟ ಮಗುಚಿಕೊಳ್ಳದಿರಲಿ ಎಂದು ಹಿಡಿದ ಹಾಗೆ. ಬೆರಳು ಒದ್ದೆಯಾಗಿತ್ತು. ಪಾರು ನನ್ನ ಪಕ್ಕದಲ್ಲೇ ನಿಂತು, ನನಗಿಂತ ಹೆಚ್ಚು ಖುಷಿಯಿಂದ ಹಲ್ಲು ಬಿಡುತ್ತಿದ್ದಳು.

“ಭೇಷ್” ಎಂದರು ಹೆಡ್‌ಮಾಸ್ಟರು. “ಆಕಾಶವೇ ಸಹಿ ಹಾಕಿದ ದಾಖಲೆ.”

ಮುಂದಿನ ಒಂದು ವಾರ ನನ್ನನ್ನು ಹಿಡಿಯುವವರಿರಲಿಲ್ಲ. ಅವ್ವ ಸಿದ್ದಾಪುರದ ಸಂತೆಯಿಂದ ಬಟ್ಟೆ ತರಿಸಿ ಹೊಸ ಲಂಗ ಹೊಲಿಸಿದಳು. ದನದ ಕೊಟ್ಟಿಗೆಯ ಹಗ್ಗ ಹಿಡಿದು, ಕಂಬದ ಎದುರು ನಿಂತು, ಕಾಣದ ಸಾಹೇಬರಿಗೆ ಕೊಡುವ ಅಭ್ಯಾಸ ಮಾಡಿದೆ. ಹಸು ಬೇಸರದಿಂದ ನೋಡುತ್ತಿತ್ತು.

ಹದಿನಾಲ್ಕರ ಸಂಜೆ ಕಲ್ಯಾಣಿಯಮ್ಮ ನಮ್ಮ ಮನೆಗೆ ಮಜ್ಜಿಗೆಗೆ ಬಂದಳು. ಲೈನಿನಲ್ಲಾಗಲಿ, ರೈಟರ ಮನೆಯಲ್ಲಾಗಲಿ, ಹೆರಿಗೆ ಎಂದರೆ ಅವಳೇ. ಅರ್ಧ ಮಲಯಾಳ, ಅರ್ಧ ಕನ್ನಡ, ಬಾಯಿತುಂಬ ಎಲೆಯಡಿಕೆ. ಅಪ್ಪ ಜಗಲಿಯಲ್ಲಿ ಬೆಲ್ಲದ ಕಾಫಿ ಕುಡಿಯುತ್ತಿದ್ದರು. ಅವ್ವ ಸಂಭ್ರಮದಿಂದ ಎಲ್ಲ ಹೇಳಿದಳು. ಕಲ್ಯಾಣಿಯಮ್ಮ ನಕ್ಕುಬಿಟ್ಟಳು.

“ನೀ ಎಂಗನೆ ಹದಿನೈದು ಆಗುದು ಮೋಳೇ? ಪಾರು ಹುಟ್ಟಿದ್ದು ಸಾಯಂಕಾಲ, ದೀಪ ಹಚ್ಚುವಾಗ. ಅವಳಿಗೆ ನೀರು ಹಾಕಿ, ಗಂಜಿ ಕುಡಿದು, ನಾನು ಮಲಗಿ ಎದ್ದೂ ಆಯ್ತು. ಆಮೇಲೆ ನಿನ್ನ ಅಪ್ಪ ಓಡಿ ಬಂದ್ರು, ಬಾ ಕಲ್ಯಾಣಿ ಅಂತ. ನೀ ಬರುವಾಗ ಕಾಡುಕೋಳಿ ಕೂಗಿತ್ತು. ಬೆಳಕಾಗಿತ್ತು.”

ಅಪ್ಪ ಲೋಟ ಕೆಳಗಿಟ್ಟರು. “ಮಸ್ಟರ್ ಗಂಟೆ ಹೊಡೆದಿತ್ತಾ?”

“ಇಲ್ಲ ರೈಟರೇ. ಗಂಟೆ ಹೊಡೆಯುವಾಗ ನಾನು ಇವಳನ್ನ ಒರೆಸಿ, ಸುತ್ತಿ, ನಿಮ್ಮ ಕೈಗೆ ಕೊಟ್ಟಾಗಿತ್ತು. ನೀವು ಒಂದು ಸಲ ನೋಡಿ, ತಿರುಗಿ ನನ್ನ ಕೈಗೆ ಕೊಟ್ಟು, ಮಳೆ ಅಳೆಯಲು ಹೋದ್ರಿ.”

ಅವ್ವ ಅಪ್ಪನ ಕಡೆ ನೋಡಿದ ನೋಟವನ್ನು ನಾನು ಬರೆಯುವುದಿಲ್ಲ.

ಅಪ್ಪ ಒಳಗೆ ಹೋಗಿ ಪುಸ್ತಕ ತಂದರು. ನಮ್ಮ ಎಸ್ಟೇಟಿನ ಕಟ್ಟಳೆಯಲ್ಲಿ ಬೆಳಗ್ಗೆ ಎಂಟಕ್ಕೆ ಅಳೆದ ಮಳೆ ಹಿಂದಿನ ದಿನದ ಜಮೆಗೆ ಹೋಗುತ್ತದೆ, ಏಕೆಂದರೆ ಹೆಚ್ಚು ಪಾಲು ಬಿದ್ದದ್ದು ಹಿಂದಿನ ದಿನ. ಹದಿನಾರರ ಬೆಳಗ್ಗೆ ಅಪ್ಪ ಲೋಟ ಹಿಡಿದು ಅಳೆದು, ಕೈಗೆ ಹತ್ತಿದ ಅಭ್ಯಾಸದಂತೆ ಹದಿನೈದರ ಪುಟ ತೆಗೆದು, ಮಳೆಯ ಜೊತೆಗೆ ನನ್ನನ್ನೂ ಅಲ್ಲಿಗೇ ಜಮೆ ಮಾಡಿದ್ದರು. ಆಮೇಲೆ ಒಂಬತ್ತು ವರ್ಷ ಅದನ್ನೇ ಓದಿ ಅದನ್ನೇ ನಂಬಿದ್ದರು.

“ಮಳೆಗೆ ಎಂಟು ಗಂಟೆಗೆ ದಿನ ಮುಗೀತದೆ” ಎಂದರು ನಿಧಾನವಾಗಿ. “ಮಗಿಗೆ ಹಂಗಲ್ಲ.”

ಆ ಪುಟವನ್ನು ಅವರು ಬಹಳ ಹೊತ್ತು ನೋಡಿದರು. ಎರಡನೆಯ ಮಾತಿನ ಮೇಲೆ ಹೆಬ್ಬೆರಳಿನಷ್ಟಗಲ ಶಾಯಿ ಹರಡಿಕೊಂಡಿತ್ತು. ಅದರ ಮೇಲೆ ಬೆರಳಾಡಿಸಿದರು. “ಮಳೆನೀರು ಬಿದ್ದಿರ್ಬೇಕು” ಎಂದಳು ಅವ್ವ. ಅಪ್ಪ ಪುಸ್ತಕ ಮುಚ್ಚಿದರು.

ಮಾರನೆಯ ಬೆಳಗ್ಗೆ ಒಂದೇ ಕೊಡೆಯ ಅಡಿಯಲ್ಲಿ ನಮ್ಮಿಬ್ಬರನ್ನೂ ಶಾಲೆಗೆ ಕರೆದುಕೊಂಡು ಹೋಗಿ ಹೆಡ್‌ಮಾಸ್ಟರಿಗೆ ಎಲ್ಲ ಹೇಳಿದರು. ಹೆಡ್‌ಮಾಸ್ಟರಿಗೆ ಬೇಸರವಾಯಿತು. ಅಷ್ಟು ಹೊತ್ತಿಗೆ ಅವರು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆದುಬಿಟ್ಟಿದ್ದರು.

“ನೀವು ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ರೈಟರೇ?”

“ಪುಸ್ತಕದಲ್ಲಿ ಪಾರು ಹೆಸರಿಲ್ದಿದ್ರೂ ದಿನ ಅವಳ್ದೇ ಸ್ವಾಮಿ” ಎಂದರು ಅಪ್ಪ.

ಹೀಗೆ ನಾನು ಹೊಸ ಲಂಗ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತೆ. ಪಾರು ಪಿನ್ನು ಹಾಕಿದ ಹಳೇ ಜಂಪರಿನಲ್ಲಿ ಕಂಬದ ಹತ್ತಿರ ನಿಂತಳು. ಹಗ್ಗ ಮಳೆಗೆ ಉಬ್ಬಿತ್ತು. ಸಾಹೇಬರು ಎಳೆದರು, ಬರಲಿಲ್ಲ. ಮತ್ತೆ ಎಳೆದರು, ಬರಲಿಲ್ಲ. ಎಲ್ಲರೂ ಮೇಲೆ ನೋಡುತ್ತಿರುವಾಗ ಪಾರು ಮುಂದೆ ಹೋಗಿ, ಬಾವಿಯಿಂದ ಕೊಡ ಎಳೆಯುವವಳ ಹಾಗೆ ಕಾಲು ಊರಿ ಒಂದು ಜಗ್ಗು ಜಗ್ಗಿದಳು. ಬಾವುಟ ಬಿಚ್ಚಿಕೊಂಡಿತು. ಒಳಗೆ ಕಟ್ಟಿದ್ದ ಹೂವು ನೆನೆದು ಮುದ್ದೆಯಾಗಿದ್ದು ಹಾಗೆಯೇ ಸಾಹೇಬರ ಟೋಪಿಯ ಮೇಲೆ ಬಿತ್ತು. ಸಾಹೇಬರು ನಕ್ಕು ಪಾರುವಿನ ತಲೆ ಸವರಿದರು. ನಾನು ನಗಲಿಲ್ಲ. ಹಗ್ಗ ನನ್ನ ಕೈಯಲ್ಲಿದ್ದಿದ್ದರೆ ನಾನು ಅಳುತ್ತಾ ನಿಂತಿರುತ್ತಿದ್ದೆ ಎಂದು ಈಗ ಗೊತ್ತು. ಆಗ ಗೊತ್ತಿದ್ದದ್ದು ಒಂದೇ, ಅಪ್ಪನ ಜೊತೆ ಮಾತು ಬಿಡಬೇಕು ಎಂದು.

ಮೂರು ದಿನ ಬಿಟ್ಟೆ. ಮಾರನೆಯ ದಿನ, ಅಂದರೆ ನನ್ನ ಹೊಸ ಹುಟ್ಟುಹಬ್ಬದ ದಿನ, ಅಪ್ಪ ಊಟಕ್ಕೆ ಕೂತಾಗ ಎಂದಿನಂತೆ ಕೇಳಿದರು, “ಏನಮ್ಮಿ, ಇವತ್ತೇನು ವಿಶೇಷ?” ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಕೇಳಿದರು. ತಲೆ ಅಲ್ಲಾಡಿಸಿದೆ.

ಆಮೇಲೆ ಪ್ರತಿ ವರ್ಷ ಅದು ಒಂದು ಪದ್ಧತಿಯಾಯಿತು. ಬೇರೆ ದಿನ ಒಂದು ಸಲ ಕೇಳುವವರು ಆಗಸ್ಟ್ ಹದಿನಾರಕ್ಕೆ ಎರಡು ಸಲ ಕೇಳುತ್ತಿದ್ದರು. ಹುಟ್ಟುಹಬ್ಬದ ಪ್ರೀತಿ ಎಂದು ತಿಳಿದಿದ್ದೆ. “ಏನೂ ಇಲ್ಲ ಅಪ್ಪ” ಎನ್ನುತ್ತಿದ್ದೆ. ರಾಜ್ಯ ಹೋಯಿತು, ಹೆಡ್‌ಮಾಸ್ಟರಿಗೆ ವರ್ಗವಾಯಿತು, ಪಾರು ಮದುವೆಯಾಗಿ ಕುಟ್ಟಕ್ಕೆ ಹೋದಳು, ನಾನು ಮದುವೆಯಾಗಿ ನಾಪೋಕ್ಲಿಗೆ ಬಂದೆ. ಅಪ್ಪ ಕೆಲಸ ಬಿಟ್ಟರು. ಅವರು ತೀರಿಕೊಂಡ ಮೇಲೆ ನನ್ನ ತಮ್ಮ ಒಂದು ಟ್ರಂಕ್ ತಂದುಕೊಟ್ಟ. ಅದರಲ್ಲಿ ಮಳೆ ಪುಸ್ತಕ ಇತ್ತು.

ಅಲ್ಲಿಂದ ಇಲ್ಲಿಯವರೆಗೆ ವರ್ಷಕ್ಕೊಮ್ಮೆ, ಪೇಪರಿನ ಪಟ್ಟಿ ಓದಿದ ಮೇಲೆ, ಆ ಪುಸ್ತಕದ ಹದಿನೈದರ ಪುಟ ತೆಗೆಯುವುದು ನನ್ನ ಅಭ್ಯಾಸ. ‘ಮನೆಯಲ್ಲಿ ಹೆಣ್ಣು ಮಗು’ ಎಂಬುದನ್ನು ಅಪ್ಪ ಅಂದೇ ಕೆಂಪು ಶಾಯಿಯಲ್ಲಿ ಹೊಡೆದಿದ್ದಾರೆ. ಶಾಯಿ ಹರಡಿದ ಮಾತನ್ನು ಅದರ ಕೆಳಗೆ ಮತ್ತೆ ಬಿಡಿಸಿ ಬರೆದಿದ್ದಾರೆ, ‘ಕಲ್ಯಾಣಿಯ ಮೊಮ್ಮಗಳು ಪಾರು ಹುಟ್ಟಿದಳು.’ ಅಷ್ಟು ನೋಡಿ, ಸ್ವಲ್ಪ ಮುಖ ಊದಿಸಿಕೊಂಡು, ಪುಸ್ತಕ ಮುಚ್ಚಿಬಿಡುತ್ತೇನೆ. ಹಾಳೆ ಮಗುಚಿದರೆ ಸಿಗುವ ಹದಿನಾರರ ಪುಟವನ್ನು ನಾನು ನೋಡಿದವಳಲ್ಲ. ಒಂಬತ್ತನೆಯ ವಯಸ್ಸಿನ ಮುನಿಸು ಎಪ್ಪತ್ತು ದಾಟಿದ ಮೇಲೂ ಇರುತ್ತದೆಯೇ ಎಂದು ಕೇಳಬೇಡಿ. ನನ್ನಲ್ಲಿತ್ತು.

ಈ ವರ್ಷ ಪುಸ್ತಕ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳುವಾಗ ಹಾಳೆ ಮಗುಚಿಕೊಂಡಿತ್ತು.

ಹದಿನಾರರ ಪುಟದಲ್ಲಿ, ನಾನು ಹುಟ್ಟಿದ ವರ್ಷದ ಸಾಲಿನಲ್ಲಿ, ಆಮೇಲೆ ಸೇರಿಸಿದ ಬರಹ: ‘ಬೆಳಗಿನ ಜಾವ ಗಿರಿಜೆ ಹುಟ್ಟಿದಳು. ಬರೆಯಲು ಒಂಬತ್ತು ವರ್ಷ ತಡವಾಯಿತು. ತಪ್ಪು ನನ್ನದು.’ ಕಣ್ಣು ಮಂಜಾಯಿತು. ಒರೆಸಿಕೊಂಡು ಕೆಳಗೆ ಓದಿದೆ. ಬಾವುಟದ ವರ್ಷದ ಸಾಲು: ‘ಗಿರಿಜೆ ಮಾತಾಡಲಿಲ್ಲ. ಹೆಬ್ಬೆರಳಿನ ವಿಷಯ ನಾನಾಗಿ ಕೇಳುವುದಿಲ್ಲ. ಅವಳೇ ಹೇಳಲಿ.’

ಅದರ ಕೆಳಗೆ, ‘ಗಿರಿಜೆಗೆ ಹತ್ತು. ಹೇಳಿಲ್ಲ.’

‘ಹನ್ನೊಂದು. ಎರಡು ಸಲ ಕೇಳಿದೆ. ಹೇಳಿಲ್ಲ.’

‘ಹದಿಮೂರು. ನನ್ನಷ್ಟೇ ಹಟ.’

‘ಮದುವೆಯಾಗಿ ಹೋದಳು. ಈ ವರ್ಷ ಕೇಳಲು ಆಗಲಿಲ್ಲ.’

ಕೆಲಸ ಬಿಟ್ಟ ಮೇಲೆ ಅಪ್ಪನಿಗೆ ಅಳೆಯಲು ಮಳೆಮಾಪಕ ಇರಲಿಲ್ಲ. ಪುಸ್ತಕದ ಉಳಿದ ಪುಟಗಳೆಲ್ಲ ಆ ವರ್ಷಕ್ಕೇ ನಿಂತುಹೋಗಿವೆ. ಹದಿನಾರರ ಪುಟ ಮಾತ್ರ ನಿಂತಿಲ್ಲ. ಇಂಚು, ಸೆಂಟಿನ ಜಾಗದಲ್ಲಿ ಬರಿ ಗೆರೆ, ವಿಶೇಷದಲ್ಲಿ ನಾನು. ಕೊನೆಯ ಸಾಲಿನ ಅಕ್ಷರ ನಡುಗಿದೆ. ‘ಗಿರಿಜೆ ನೋಡಲು ಬಂದಿದ್ದಳು. ಕಿತ್ತಳೆ ತಂದಿದ್ದಳು. ವಿಶೇಷ ಕೇಳಿದೆ. ಏನೂ ಇಲ್ಲ ಎಂದಳು.’

ಆ ದಿನ ನನಗೆ ನೆನಪಿದೆ. ಮಂಚದ ಮೇಲೆ ಒರಗಿ ಕೂತು, ಕಿತ್ತಳೆಯ ತೊಳೆ ಕೈಯಲ್ಲೇ ಹಿಡಿದುಕೊಂಡು, ಎರಡು ಸಲ ಕೇಳಿದ್ದರು. ಮುದುಕರಿಗೆ ಮರೆವು, ಕೇಳಿದ್ದನ್ನೇ ಕೇಳುತ್ತಾರೆ ಎಂದುಕೊಂಡಿದ್ದೆ.

ಕುಟ್ಟಕ್ಕೆ ಫೋನ್ ಮಾಡಿದೆ. ಪ್ರತಿ ಆಗಸ್ಟ್ ಹದಿನೈದಕ್ಕೆ ನಾನು ಪಾರುವಿಗೆ ಫೋನ್ ಮಾಡುವುದು, ಅವಳು “ಏನೇ, ಚಿಕ್ಕವಳೇ” ಎಂದು ಒಂದು ದಿನದ ಹಿರಿತನ ತೋರಿಸುವುದು ನಮ್ಮಲ್ಲಿ ನಡೆದುಬಂದದ್ದು. ಈ ಸಲ ಅವಳು ಹಾಗೆ ಎನ್ನುವ ಮೊದಲೇ ಹೆಬ್ಬೆರಳಿನ ಕಥೆಯನ್ನೆಲ್ಲ ಹೇಳಿದೆ. ಆ ಕಡೆ ಗಲಾಟೆ ಮಾಡುತ್ತಿದ್ದ ಮೊಮ್ಮಕ್ಕಳನ್ನು ಅವಳು ಹೊರಗೆ ಓಡಿಸಿದಳು.

“ಅದಕ್ಕಾ ನೀನು ವರ್ಷ ವರ್ಷ ತಪ್ಪದೆ ಫೋನ್ ಮಾಡುದು? ನಾನು ಪ್ರೀತಿ ಅಂತ ತಿಳ್ಕೊಂಡಿದ್ದೆ” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು, “ನನಗೆ ಹೇಳದಿದ್ರೂ ನಡೀತಿತ್ತು ಗಿರಿಜಾ. ರೈಟರಣ್ಣನಿಗೆ ಹೇಳ್ಬೇಕಿತ್ತು.”

ಅವಳು ಹೇಳಿದ್ದು ಸರಿ. ಮಾರನೆಯ ದಿನ ಊಟದ ಹೊತ್ತಿಗೆ ಪುಸ್ತಕ ತೆಗೆದೆ. ಹದಿನಾರರ ಪುಟದಲ್ಲಿ, ಅಪ್ಪನ ಕೊನೆಯ ಸಾಲಿನ ಕೆಳಗೆ, ಇನ್ನೂ ಜಾಗ ಇತ್ತು. ಈ ವರ್ಷವನ್ನು ಬರೆದು, ಮಳೆಯ ಜಾಗದಲ್ಲಿ ಅವರು ಹಾಕಿದ ಹಾಗೆಯೇ ಗೆರೆ ಎಳೆದೆ. ವಿಶೇಷದ ಕಲಮಿನಲ್ಲಿ ಬರೆದೆ, ‘ಹೇಳಿದ್ದಾಳೆ.’